ಗುಡ್ಡದ ಓತಿಗಳನ್ನು ಎಣಿಸಿದವರು

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ತೆರೆಯ ಮೇಲೆ ಚಿತ್ರ ತೋರಿಸಿದ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓತಿಕೇತನಿಗೆ ಬೇಲಿ ಗೂಟ ಸಾಕ್ಷಿ ಅಂತ ಒಂದು ಗಾದೆ ಇದೆ. ಕೇಳಿರುತ್ತೀರಿ. ಓತಿ ಏನು ಮಾಡಿದರೂ ಕಂಡದ್ದು ಪಕ್ಕದ ಗೂಟ ಮಾತ್ರ. ಆ ಗೂಟ ಬಾಯಿ ಬಿಡುವುದಿಲ್ಲ. ಬಿಟ್ಟರೂ ಅದು ಓತಿಯ ಪಕ್ಷದ್ದೇ. ಇವತ್ತು ನಾನು ಹೇಳಹೊರಟಿರುವುದು ಆ ಗೂಟದ ಸಾಕ್ಷಿಯನ್ನು ಒಪ್ಪದೆ, ತಾನೇ ಹೋಗಿ ಓತಿಯ ಪಕ್ಕ ಕೂತ ಒಬ್ಬ ವಿಜ್ಞಾನಿಯ ವಿಷಯ. ಒಂದು ದಿನ, ಎರಡು ದಿನ ಕೂತದ್ದಲ್ಲ. ಒಂದೇ ಗುಡ್ಡ, ಒಂದೇ ಜಾತಿಯ ಓತಿ, ವರ್ಷದ ಮೇಲೆ ವರ್ಷ.

ಹೆಸರು ಬ್ಯಾರಿ ಸಿನರ್ವೊ. ಮೂಲ ಕೆನಡಾ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೇ ಹ್ಯೂಯಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದರು. ಆಮೇಲೆ ಬರ್ಕ್ಲಿ, ಇಂಡಿಯಾನಾ ದಾಟಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್‌ನಲ್ಲಿ ನೆಲೆ ನಿಂತರು. 2021ರಲ್ಲಿ ತೀರಿಕೊಂಡರು. ನಾನು ಅವರನ್ನು ಕಂಡವನಲ್ಲ. ಅವರು ಬರೆದದ್ದನ್ನು ಓದಿ ಅಭಿಮಾನಿಯಾದವನು. ಹಾಗಾಗಿ ಅವರ ಮನೆ-ಮಠದ ಕತೆ ನನ್ನ ಹತ್ತಿರ ಸಿಗುವುದಿಲ್ಲ. ಓತಿಗಳ ಕತೆ ಸಿಗುತ್ತದೆ.

ಮೊದಲು ಮೊಟ್ಟೆಯ ಕತೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಒಂದು ಓತಿ ಇದೆ. ಅಲ್ಲಿನವರು ಅದನ್ನು ಕರೆಯುವುದೇ ಬೇಲಿ ಓತಿ ಅಂತ. ಗಾದೆ ಕಟ್ಟಿದ ನಮ್ಮ ಹಿರಿಯರ ಕಣ್ಣೂ ಆ ಜನರ ಕಣ್ಣೂ ಒಂದೇ ಕಡೆ ಬಿದ್ದಿದೆ ನೋಡಿ! ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಓತಿ ದೊಡ್ಡ ಮೊಟ್ಟೆ ಇಡುತ್ತದೆ. ಮೇಲೆ ವಾಷಿಂಗ್ಟನ್ ರಾಜ್ಯದ ಕಡೆ ಹೋದರೆ ಮೊಟ್ಟೆ ಚಿಕ್ಕದು. ದಕ್ಷಿಣದ ಮರಿ ಹುಟ್ಟುವಾಗಲೇ ದಪ್ಪ. ಜೋರಾಗಿ ಓಡುತ್ತದೆ, ಬೇಗ ದಣಿಯುವುದಿಲ್ಲ. ಉತ್ತರದ ಮರಿ ಚಿಕ್ಕದು, ಓಟವೂ ಕಮ್ಮಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಕ್ಷಿಣದ ಮರಿ ಜೋರಾಗಿ ಓಡುವುದು ಮೈ ದೊಡ್ಡದು ಅಂತಲೋ, ರಕ್ತದಲ್ಲೇ ಆ ಗುಣ ಬಂದಿದೆ ಅಂತಲೋ? ಎರಡೂ ಒಟ್ಟೊಟ್ಟಿಗೆ ಬರುತ್ತವೆ. ಸುಮ್ನೆ ನೋಡಿದರೆ ಬಿಡಿಸಲು ಆಗುವುದಿಲ್ಲ. ಎಷ್ಟೋ ಜನ ಇಲ್ಲಿಗೆ ನಿಂತು, ಅಂಕಿ ಅಂಶ ಹಾಕಿ, ಇರಬಹುದು ಅಂತ ಬರೆದು ಮುಗಿಸುತ್ತಾರೆ. ಸಿನರ್ವೊ ಇಂಜೆಕ್ಷನ್ ಸಿರಿಂಜು ತೆಗೆದುಕೊಂಡರು. ಆಗ ತಾನೇ ಇಟ್ಟ ದಕ್ಷಿಣದ ಮೊಟ್ಟೆಗೆ ಸಣ್ಣ ಸೂಜಿ ಚುಚ್ಚಿ, ಒಳಗಿನ ಹಳದಿ ಲೋಳೆಯನ್ನು ಸ್ವಲ್ಪ ಎಳೆದು ತೆಗೆದರು. ಓತಿಯ ಮೊಟ್ಟೆಯ ಚಿಪ್ಪು ಕೋಳಿಮೊಟ್ಟೆಯದರ ಹಾಗೆ ಗಟ್ಟಿ ಇರುವುದಿಲ್ಲ, ಚರ್ಮದ ಹಾಗೆ ಮೆತ್ತಗಿರುತ್ತದೆ. ಸೂಜಿ ಹೋಗಿ ಬಂದರೂ ಮೊಟ್ಟೆ ಉಳಿಯುತ್ತದೆ. ಒಳಗಿನ ಭ್ರೂಣಕ್ಕೆ ಬುತ್ತಿ ಕಮ್ಮಿಯಾಯಿತು, ಅಷ್ಟೇ. ಹೊರಗೆ ಬಂದ ಮರಿ ದಕ್ಷಿಣದ್ದೇ, ಆದರೆ ಗಾತ್ರ ಉತ್ತರದ ಮರಿಯಷ್ಟು.

ಆಮೇಲೆ ಓಡಿಸಿ ನೋಡಿದರು. ವೇಗದ ವ್ಯತ್ಯಾಸ ಅಳಿದುಹೋಗಿತ್ತು. ಅಂದರೆ ಆ ವೇಗ ಮೈಗಾತ್ರದ ಕೊಡುಗೆ. ಆದರೆ ದಣಿವು ತಡೆಯುವ ಶಕ್ತಿ ಮಾತ್ರ ಮರಿಯ ಮೈ ಚಿಕ್ಕದಾದರೂ ದಕ್ಷಿಣದ್ದೇ ಆಗಿ ಉಳಿದಿತ್ತು. ಒಂದೇ ಓಟದಲ್ಲಿ ಎರಡು ಬೇರೆ ಬೇರೆ ಗಂಟು ಇದ್ದವು, ಒಂದು ಬಿಚ್ಚಿತು. ಹ್ಯೂಯಿ ಜೊತೆ ಸೇರಿ 1990ರಲ್ಲಿ ಇದನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ನನಗೆ ಇಷ್ಟವಾಗುವುದು ಈ ಚೇಷ್ಟೆ. ಪ್ರಾಣಿಗಳ ನಡವಳಿಕೆ ಓದುವವರು ಅಂದರೆ ದೂರದಲ್ಲಿ ದುರ್ಬೀನು ಹಿಡಿದು ಕೂತವರು ಅನ್ನುವ ಕಲ್ಪನೆ ನಮಗೆ. ಇವರು ಕೂತೂ ನೋಡುತ್ತಾರೆ, ಕೈಯನ್ನೂ ಹಾಕುತ್ತಾರೆ. ಮುಂದೆ ಪಾಲ್ ಲಿಕ್ಟ್ ಜೊತೆ 1991ರಲ್ಲಿ ಇನ್ನೊಂದು ಕೆಲಸ ಮಾಡಿದರು. ತಾಯಿ ಓತಿಯ ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮೊಟ್ಟೆಗಳಲ್ಲಿ ಕೆಲವನ್ನು ಆರಂಭದಲ್ಲೇ ತೆಗೆದುಬಿಟ್ಟರು. ಆಗ ತಾಯಿ ಉಳಿದ ಮೊಟ್ಟೆಗಳಿಗೇ ಎಲ್ಲ ಸಾರ ತುಂಬಿತು. ಮೊಟ್ಟೆ ಸಹಜಕ್ಕಿಂತ ದೊಡ್ಡದಾಯಿತು. ಇನ್ನೂ ದೊಡ್ಡದಾದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ತೀರಾ ದೊಡ್ಡವು ಕೆಲವು ಇಡುವಾಗ ಒಡೆದವು, ಕೆಲವು ತಾಯಿಯ ಒಳಗೇ ಸಿಕ್ಕಿಕೊಂಡವು. ಓತಿಯ ಮೊಟ್ಟೆ ಯಾಕೆ ಅದಕ್ಕಿಂತ ದೊಡ್ಡದಿಲ್ಲ ಅನ್ನುವುದಕ್ಕೆ ಉತ್ತರ, ಬಾಗಿಲು ಅಷ್ಟೇ ಅಗಲ.

ಈ ಎರಡನೆಯ ಕೆಲಸ ನಡೆದದ್ದು ಬೇಲಿ ಓತಿಯ ಮೇಲಲ್ಲ, ಅದಕ್ಕಿಂತ ಚಿಕ್ಕದಾದ ಇನ್ನೊಂದರ ಮೇಲೆ. ಇವತ್ತಿನ ನಾಯಕ ಅದೇ. ವೈಜ್ಞಾನಿಕ ಹೆಸರು ಊಟಾ ಸ್ಟಾನ್ಸ್‌ಬುರಿಯಾನಾ. ನಗಬೇಡಿ, ಈ ಊಟಾಕ್ಕೂ ನಮ್ಮ ಊಟಕ್ಕೂ ಸಂಬಂಧ ಇಲ್ಲ. ಬಾಲ ಬಿಟ್ಟರೆ ಮೈ ಹೆಚ್ಚು ಅಂದರೆ ಐದಾರು ಸೆಂಟಿಮೀಟರ್. ಮುಂಗಾಲಿನ ಹಿಂದೆ ಪಕ್ಕೆಯ ಮೇಲೆ ಒಂದು ಕಪ್ಪು ಮಚ್ಚೆ. ಅಮೆರಿಕದ ಪಶ್ಚಿಮದಲ್ಲಿ, ಮೆಕ್ಸಿಕೋದ ಉತ್ತರದಲ್ಲಿ ಎಲ್ಲಿ ಒಣ ಕಲ್ಲುಮಣ್ಣು ಇದೆಯೋ ಅಲ್ಲೆಲ್ಲ ಸಿಗುತ್ತದೆ. ಹುಲಿ ಆನೆಯ ಹಾಗೆ ಯಾರೂ ಹುಡುಕಿಕೊಂಡು ಹೋಗಿ ಫೋಟೋ ತೆಗೆಯುವ ಪ್ರಾಣಿ ಅಲ್ಲ.

ಸಿನರ್ವೊ ಆರಿಸಿಕೊಂಡ ಗುಡ್ಡ ಇರುವುದು ಕ್ಯಾಲಿಫೋರ್ನಿಯಾದ ಲಾಸ್ ಬಾನ್ಯೋಸ್ ಹತ್ತಿರ. ಹುಲ್ಲುಗಾವಲು, ನಡುನಡುವೆ ಎದ್ದು ನಿಂತ ಬಂಡೆ. ಒಂದೊಂದು ಬಂಡೆಗುಂಪೂ ಓತಿಗಳಿಗೆ ಒಂದೊಂದು ಊರಿದ್ದ ಹಾಗೆ.

ಓತಿ ಹಿಡಿಯುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈ ವಿಜ್ಞಾನ ಎಲ್ಲ ನಿಂತಿರುವುದು ಆ ಕೆಲಸದ ಮೇಲೆ. ಉದ್ದನೆಯ ಕೋಲು. ಅದರ ತುದಿಗೆ ತೆಳ್ಳನೆಯ ದಾರದ ಉರುಲು. ಓತಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದೆ. ನೀವು ಎರಡು ಹೆಜ್ಜೆ ಹತ್ತಿರ ಹೋದರೆ ಓಡುತ್ತದೆ. ಆದರೆ ಕೋಲನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಕಣ್ಣಮುಂದೆಯೇ ದಾರ ತೂಗಾಡಿದರೂ ಏನೋ ಹುಲ್ಲುಕಡ್ಡಿ ಅಂದುಕೊಂಡು ಕೂತಿರುತ್ತದೆ. ನಿಧಾನಕ್ಕೆ ತಲೆಯ ಮೇಲಿಂದ ಉರುಲನ್ನು ಕತ್ತಿಗೆ ಇಳಿಸಿ, ಪಟಕ್ಕನೆ ಎತ್ತಬೇಕು. ಮೈ ಹಗುರ, ಹಾಗಾಗಿ ಪೆಟ್ಟಾಗುವುದಿಲ್ಲ. ಕೈಗೆ ತೆಗೆದುಕೊಂಡು ಅಂಗಾತ ಮಾಡಿ ಕೊರಳ ಬಣ್ಣ ನೋಡಬೇಕು. ಸ್ಕೇಲು ಇಟ್ಟು ಉದ್ದ ಅಳೆಯಬೇಕು. ತೂಕ ಹಾಕಬೇಕು. ಗುರುತಿಗೆ ಬೆರಳ ತುದಿಯನ್ನು ಚೂರು ಕತ್ತರಿಸಬೇಕು. ದೂರದಿಂದ ಗೊತ್ತಾಗಲಿ ಅಂತ ಬೆನ್ನ ಮೇಲೆ ಬಣ್ಣದಲ್ಲಿ ಗುರುತು ಹಾಕಬೇಕು. ಆಮೇಲೆ ಎಲ್ಲಿಂದ ಎತ್ತಿದ್ದೋ ಅದೇ ಬಂಡೆಯ ಮೇಲೆ ಬಿಡಬೇಕು. ಇನ್ನೊಂದು ಬಂಡೆಗೆ ಬಿಟ್ಟರೆ ಎಲ್ಲ ಲೆಕ್ಕವೂ ಹಾಳು.

ಇಷ್ಟು ಮಾಡಿದರೆ ಒಂದು ಓತಿ ಮುಗಿಯಿತು. ಇನ್ನು ಮಿಕ್ಕವು ಕಾಯುತ್ತಿವೆ.

ಅಂಗಾತ ಮಾಡಿ ನೋಡಿದಾಗ ಗಂಡುಗಳ ಕೊರಳಲ್ಲಿ ಮೂರು ಬಣ್ಣ ಕಂಡವು. ಕಿತ್ತಳೆ, ನೀಲಿ, ಹಳದಿ. ನೀಲಿ ಕೊರಳಿನವನಿಗೆ ನಮ್ಮಲ್ಲಿ ಹೆಸರು ರೆಡಿ ಇದೆ, ನೀಲಕಂಠ. ಇನ್ನೆರಡಕ್ಕೆ ನಾನೇ ಹೆಸರಿಟ್ಟುಕೊಂಡಿದ್ದೇನೆ. ಕಿತ್ತಳೆಯವನು ಪಾಳೇಗಾರ. ಮೈಯಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನು ಜಾಸ್ತಿ, ದಮ್ಮು ಜಾಸ್ತಿ. ದೊಡ್ಡ ಎಲ್ಲೆ ಹಾಕಿಕೊಂಡು ಅದರೊಳಗಿನ ಹೆಣ್ಣುಗಳೆಲ್ಲ ತನ್ನವು ಅನ್ನುತ್ತಾನೆ. ಪಕ್ಕದವನ ಎಲ್ಲೆಗೂ ನುಗ್ಗುತ್ತಾನೆ. ನೀಲಕಂಠ ಸಂಸಾರಸ್ಥ. ಚಿಕ್ಕ ಜಾಗ, ತನ್ನ ಹೆಣ್ಣಿನ ಬೆನ್ನು ಬಿಡದೆ ಕಾವಲು. ಹಳದಿಯವನು ವೇಷದವನು. ಅವನಿಗೆ ಸ್ವಂತ ಎಲ್ಲೆಯೇ ಇಲ್ಲ. ಆ ಜಾತಿಯ ಹೆಣ್ಣಿನ ಕೊರಳೂ ಹಳದಿಯಾಗುವುದುಂಟು. ಇವನು ನೋಡಲೂ ನಡೆಯಲೂ ಹೆಣ್ಣಿನ ಹಾಗೇ, ಕದ್ದು ಒಳಗೆ ಬರುತ್ತಾನೆ.

ಈಗ ಯಾರು ಯಾರನ್ನು ಸೋಲಿಸುತ್ತಾರೆ ನೋಡಿ. ಪಾಳೇಗಾರ ನೀಲಕಂಠನ ಮೇಲೆ ಬಿದ್ದು ಅವನ ಹೆಣ್ಣನ್ನು ಕೂಡುತ್ತಾನೆ. ಬಲದ ಮುಂದೆ ಕಾವಲು ನಿಲ್ಲುವುದಿಲ್ಲ. ಆದರೆ ಪಾಳೇಗಾರನ ಎಲ್ಲೆ ದೊಡ್ಡದು, ಹೆಣ್ಣುಗಳು ಬಹಳ, ಕಣ್ಣು ಎರಡೇ. ಆ ತುದಿಯಲ್ಲಿ ಅವನು ಜಗಳಕ್ಕೆ ಹೋದಾಗ ಈ ತುದಿಯಲ್ಲಿ ಹಳದಿಯವನು ಕೆಲಸ ಮುಗಿಸುತ್ತಾನೆ. ಸರಿ, ಹಳದಿಯವನೇ ಗೆದ್ದ ಅನ್ನೋಣ ಅಂದರೆ, ಅವನ ಆಟ ನೀಲಕಂಠನ ಹತ್ತಿರ ನಡೆಯುವುದಿಲ್ಲ. ಒಂದೇ ಹೆಣ್ಣನ್ನು ಕಾಯುವವನಿಗೆ ಯಾರು ಬಂದರು, ಯಾರು ಹೋದರು ಚೆನ್ನಾಗಿ ಗೊತ್ತಾಗುತ್ತದೆ. ಓಡಿಸಿಬಿಡುತ್ತಾನೆ. ಕಲ್ಲು, ಕಾಗದ, ಕತ್ತರಿ ಆಟ. ಮಕ್ಕಳು ಆಡುವುದು ಇದನ್ನೇ. ಕಲ್ಲು ಕತ್ತರಿಯನ್ನು ಮುರಿಯುತ್ತದೆ, ಕತ್ತರಿ ಕಾಗದವನ್ನು ಕತ್ತರಿಸುತ್ತದೆ, ಕಾಗದ ಕಲ್ಲನ್ನು ಸುತ್ತುತ್ತದೆ.

ಹಾಗಾದರೆ ಗುಡ್ಡದಲ್ಲಿ ಏನಾಗಬೇಕು? ನೀಲಿ ಜಾಸ್ತಿ ಇರುವಾಗ ಕಿತ್ತಳೆಗೆ ಸುಗ್ಗಿ, ಅದರ ಮಕ್ಕಳು ಜಾಸ್ತಿಯಾಗುತ್ತವೆ. ಕಿತ್ತಳೆ ಜಾಸ್ತಿಯಾದರೆ ಹಳದಿಗೆ ಸುಗ್ಗಿ. ಹಳದಿ ತುಂಬಿಕೊಂಡರೆ ಮತ್ತೆ ನೀಲಿ ತಲೆ ಎತ್ತುತ್ತದೆ. ಆಗಿದ್ದೂ ಹಾಗೆಯೇ. 1991ರಲ್ಲಿ ನೀಲಿ ಜಾಸ್ತಿ. 1992ರಲ್ಲಿ ಕಿತ್ತಳೆ ಏರಿತು. 1993-94ರಲ್ಲಿ ಹಳದಿ. 1995ಕ್ಕೆ ಮತ್ತೆ ನೀಲಿ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೊತೆಗಿದ್ದ ಕರ್ಟಿಸ್ ಲೈವ್ಲಿ ಇದರ ಗಣಿತಕ್ಕೆ ಕೈ ಜೋಡಿಸಿದರು. ಲೈವ್ಲಿ ಬಸವನಹುಳುಗಳ ಮೇಲೆ ಕೆಲಸ ಮಾಡಿ ಹೆಸರಾದವರು. 1996ರಲ್ಲಿ ಇಬ್ಬರೂ ಸೇರಿ ನೇಚರ್ ಪತ್ರಿಕೆಯಲ್ಲಿ ಬರೆದರು.

ಪ್ರಾಣಿಗಳ ಜಗಳಕ್ಕೆ ಆಟದ ಗಣಿತವನ್ನು ಹಚ್ಚಿದ್ದು ಹೊಸದಲ್ಲ. 1973ರಲ್ಲೇ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಅದನ್ನು ಮಾಡಿದ್ದರು. ಯಾರೂ ಶಾಶ್ವತವಾಗಿ ಗೆಲ್ಲದೆ ಚಕ್ರ ತಿರುಗುತ್ತಲೇ ಇರುವ ಆಟ ಕಾಗದದ ಮೇಲೆ ಸಾಧ್ಯ ಅಂತ ಗೊತ್ತಿತ್ತು. ನಿಜವಾದ ಬಂಡೆಯ ಮೇಲೆ, ನಿಜವಾದ ಪ್ರಾಣಿಯಲ್ಲಿ ಅದನ್ನು ತೋರಿಸಿದ್ದು ಈ ಓತಿ. ನೇಚರ್‌ನಲ್ಲಿ ಅದರ ಬಗ್ಗೆ ಟಿಪ್ಪಣಿ ಬರೆದವರು ಸ್ವತಃ ಮೇನಾರ್ಡ್ ಸ್ಮಿತ್. ಹಾಡು ಕಟ್ಟಿದವರೇ ಸಭೆಯಲ್ಲಿ ಕೂತು ತಲೆದೂಗಿದ ಹಾಗೆ.

ನಾನು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ಓತಿಗಳಲ್ಲಿ ಬಹುಪಾಲು ಒಂದೇ ವರ್ಷ ಬದುಕುತ್ತವೆ. ಚಕ್ರ ಒಂದು ಸುತ್ತು ಬರಲು ಐದಾರು ವರ್ಷ. ಅಂದರೆ ಯಾವ ಓತಿಯೂ ಪೂರ್ತಿ ಆಟವನ್ನು ನೋಡುವುದಿಲ್ಲ. ಮೂರು ವರ್ಷದ ಪ್ರಾಜೆಕ್ಟ್ ತೆಗೆದುಕೊಂಡು ಹೋದ ಸಂಶೋಧಕನೂ ನೋಡುವುದಿಲ್ಲ. 1991ರಲ್ಲಿ ಹೋಗಿ 1992ರಲ್ಲಿ ಮುಗಿಸಿ ಬಂದಿದ್ದರೆ ಏನು ಬರೆಯುತ್ತಿದ್ದರು? ಬಲವಂತ ಗೆಲ್ಲುತ್ತಾನೆ, ಸಂಸಾರಸ್ಥ ಅಳಿಯುತ್ತಾನೆ ಅಂತ. ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಸುಳ್ಳಲ್ಲ, ಆದರೆ ಎರಡು ವರ್ಷದ ನಿಜ. 1994ರಲ್ಲಿ ಹೋದವನು ಕಳ್ಳರಿಗೇ ಕಾಲ ಅಂತ ಬರೆಯುತ್ತಿದ್ದ. ಅದೂ ಒಂದು ವರ್ಷದ ನಿಜ. ಐದನೆಯ ವರ್ಷವೂ ಅದೇ ಗುಡ್ಡಕ್ಕೆ, ಅದೇ ಕೋಲು ಹಿಡಿದು, ಅದೇ ಓತಿ ಹಿಡಿಯಲು ಹೋಗುವುದಿದೆಯಲ್ಲ, ಅದಕ್ಕೆ ಹಣ ಕೊಡುವವರು ಕಮ್ಮಿ.

ಭಾಷಣದ ನಡುವೆ ಒಬ್ಬರು ಕೇಳಿದರು, ಈ ವರ್ಷ ಅಲ್ಲಿ ಯಾವ ಬಣ್ಣದ್ದು ಜಾಸ್ತಿ ಸಾರ್ ಅಂತ. ಕಳೆದ ವರ್ಷ ಯಾವುದು ಜಾಸ್ತಿ ಇತ್ತು ಅಂತ ನೀವು ಹೇಳಿ, ಈ ವರ್ಷದ್ದು ನಾನು ಹೇಳುತ್ತೇನೆ ಅಂದೆ. ನಕ್ಕರು. ತಮಾಷೆ ಇರಲಿ, ಈ ಆಟದ ಸೊಗಸೇ ಅದು.

1996ರ ಕೆಲಸದಲ್ಲಿ ಒಂದು ಸಂದು ಇತ್ತು. ಯಾವ ಗಂಡಿನ ಎಲ್ಲೆಯೊಳಗೆ ಯಾವ ಹೆಣ್ಣು ಇದೆ, ಯಾರ ಎಲ್ಲೆ ಯಾರದರ ಮೇಲೆ ಹಾಯ್ದಿದೆ ಅಂತ ನಕ್ಷೆ ಹಾಕಿ, ಅದರಿಂದ ಯಾರಿಗೆ ಎಷ್ಟು ಫಲ ಅಂತ ಲೆಕ್ಕ ಕಟ್ಟಿದ್ದರು. ಎಲ್ಲೆಯೊಳಗೆ ಇದ್ದ ಮಾತ್ರಕ್ಕೆ ಮರಿಗಳು ಅವನವೇ ಅಂತ ಹೇಗೆ ಹೇಳುತ್ತೀರಿ? ಅದರಲ್ಲೂ ಕದಿಯುವುದೇ ಕಸುಬಾದವನು ಪಕ್ಕದಲ್ಲೇ ಇರುವಾಗ! ಮತ್ತೆ ಗೂಟದ ಸಾಕ್ಷಿಗೇ ಬಂದಂತಾಯಿತು.

ಅದಕ್ಕೆ ಕೆಲ್ಲಿ ಜಮುಡಿಯೊ ಜೊತೆ ಸೇರಿ ಡಿಎನ್‌ಎ ಪರೀಕ್ಷೆ ಮಾಡಿದರು. ತಾಯಂದಿರನ್ನು ಲ್ಯಾಬಿಗೆ ತಂದು ಮೊಟ್ಟೆ ಇಡಿಸಿ, ಮರಿಗಳ ತಂದೆ ಯಾರು ಅಂತ ಹುಡುಕಿದರು. 2000ದಲ್ಲಿ ಪ್ರಕಟವಾಯಿತು. ನಕ್ಷೆ ಹೇಳಿದ್ದು ಬಹುಮಟ್ಟಿಗೆ ನಿಜವೇ ಆಗಿತ್ತು. ನೀಲಕಂಠನ ಮನೆಗೆ ಹಳದಿಯವನು ನುಗ್ಗಲಾರ, ಕಿತ್ತಳೆಯವನು ನುಗ್ಗಬಲ್ಲ. ಕಿತ್ತಳೆಯ ಮನೆಯಲ್ಲಿ ಹಳದಿಯ ಮಕ್ಕಳು ಬೇಕಾದಷ್ಟು. ಒಂದೇ ತಾಯಿ ಒಂದೇ ಸಲ ಇಟ್ಟ ಮೊಟ್ಟೆಗಳಿಗೆ ಇಬ್ಬರು ತಂದೆಯರು ಇರುವುದೂ ಕಂಡಿತು.

ಜೊತೆಗೆ ಯಾರೂ ಎದುರು ನೋಡದ ಒಂದು ಸಂಗತಿ. ಕೆಲವು ಮರಿಗಳ ತಂದೆ, ಆ ಮೊಟ್ಟೆ ಇಡುವ ಹೊತ್ತಿಗೆ ಸತ್ತುಹೋಗಿದ್ದ. ಹೆಣ್ಣು ಓತಿ ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡು ಮುಂದಿನ ಸಲದ ಮೊಟ್ಟೆಗೂ ಬಳಸಬಲ್ಲದು. ಹೀಗೆ ಸತ್ತ ಮೇಲೆ ತಂದೆಯಾಗುವುದರಲ್ಲಿ ಮುಂದೆ ಇದ್ದವನು ಯಾರು ಗೊತ್ತಾ? ಹಳದಿಯವನು. ಬದುಕಿದ್ದಾಗ ಒಂದು ಎಲ್ಲೆಯೂ ಇಲ್ಲದವನ ಗಂಟು ಹೆಣ್ಣಿನ ಒಳಗೆ ಭದ್ರವಾಗಿ ಉಳಿಯುತ್ತದೆ. ಇದನ್ನು ಯಾವ ದುರ್ಬೀನಿನಲ್ಲಿ ನೋಡುತ್ತೀರಿ?

ಹೆಣ್ಣುಗಳ ಬಗ್ಗೆ ಇಷ್ಟು ಹೊತ್ತು ನಾನು ಗಂಡುಗಳ ಆಸ್ತಿ ಎನ್ನುವ ಹಾಗೆ ಮಾತಾಡಿದೆ. ತಪ್ಪು. ಅವು ಸುಮ್ನೆ ಕೂತಿಲ್ಲ. ಸಿನರ್ವೊ ಮತ್ತು ರಯಾನ್ ಕಾಲ್ಸ್‌ಬೀಕ್ ಒಂದು ಪ್ರಯೋಗ ಮಾಡಿದರು. ಮತ್ತೆ ಅದೇ ಕೈ ಹಾಕುವ ಬುದ್ಧಿ. ಒಳ್ಳೆಯ ಜಾಗ ಅಂದರೆ ಓತಿಗೆ ಒಳ್ಳೆಯ ಕಲ್ಲು. ಬಿಸಿಲು ಕಾಯಿಸಲೂ ಕಲ್ಲು, ಬಿಸಿಲು ಜಾಸ್ತಿಯಾದರೆ ಅಡಗಲೂ ಕಲ್ಲು, ಹಾವು-ಹಕ್ಕಿ ಬಂದರೂ ಕಲ್ಲೇ. ದೊಡ್ಡ ಗಂಡುಗಳು ಒಳ್ಳೆಯ ಕಲ್ಲಿನ ಜಾಗ ಹಿಡಿದಿದ್ದವು. ಇವರು ಆ ಕಲ್ಲುಗಳನ್ನೇ ಎತ್ತಿ ಚಿಕ್ಕ ಗಂಡುಗಳ ಜಾಗಕ್ಕೆ ಹಾಕಿದರು. ಹೆಣ್ಣುಗಳು ಗಂಡನ್ನು ಹಿಂಬಾಲಿಸುತ್ತವೋ, ಕಲ್ಲನ್ನೋ? ಕಲ್ಲನ್ನು ಹಿಂಬಾಲಿಸಿದವು! ಚಿಕ್ಕವನ ಹೊಸ ಬಂಡೆಗೆ ಸಂಸಾರ ಬದಲಾಯಿಸಿದವು.

ಇಲ್ಲಿಗೇ ಮುಗಿದಿದ್ದರೆ ಮನೆ ನೋಡಿ ಮದುವೆ ಅಂತ ನಕ್ಕು ಬಿಡಬಹುದಿತ್ತು. ಮರಿಗಳ ಡಿಎನ್‌ಎ ನೋಡಿದಾಗ ಇನ್ನೊಂದು ಪದರ ಸಿಕ್ಕಿತು. ಗಂಡುಮರಿಗಳು ಹೆಚ್ಚಾಗಿ ದೊಡ್ಡ ತಂದೆಯ ಮಕ್ಕಳು, ಹೆಣ್ಣುಮರಿಗಳು ಹೆಚ್ಚಾಗಿ ಚಿಕ್ಕ ತಂದೆಯ ಮಕ್ಕಳು. ದೊಡ್ಡ ಮೈ ಗಂಡುಮಕ್ಕಳಿಗೆ ಲಾಭ, ಹೆಣ್ಣುಮಕ್ಕಳಿಗೆ ಅಷ್ಟಿಲ್ಲ. ತಾಯಿ ವಾಸಕ್ಕೆ ಒಬ್ಬನ ಬಂಡೆ ಆರಿಸಿ, ಮಕ್ಕಳ ತಂದೆಯನ್ನು ಒಳಗೆ ಬೇರೆ ಲೆಕ್ಕದಲ್ಲಿ ಆರಿಸಿದೆ. ಇದನ್ನು ಮೊದಲ ಸಲ ಓದಿದಾಗ ಎರಡು ಸಲ ಓದಿದೆ.

ಹೆಣ್ಣುಗಳಿಗೆ ತಮ್ಮದೇ ಬಣ್ಣದ ಆಟವೂ ಇದೆ. ಕಿತ್ತಳೆ ಕೊರಳಿನ ಹೆಣ್ಣು ಜಾಸ್ತಿ ಮೊಟ್ಟೆ ಇಡುತ್ತದೆ, ಚಿಕ್ಕವು. ಹಳದಿ ಕೊರಳಿನದು ಕಮ್ಮಿ ಇಡುತ್ತದೆ, ದೊಡ್ಡವು. ಗುಡ್ಡ ಖಾಲಿ ಇದ್ದಾಗ ಸಂಖ್ಯೆಗೆ ಬೆಲೆ, ತುಂಬಿದಾಗ ಗಟ್ಟಿ ಮರಿಗೆ ಬೆಲೆ. ಈ ಚಕ್ರ ಎರಡೇ ವರ್ಷದ್ದು. ಗಂಡುಗಳ ದೊಡ್ಡ ಚಕ್ರದ ಒಳಗೆ ಹೆಣ್ಣುಗಳ ಚಿಕ್ಕ ಚಕ್ರ. ಮೊಟ್ಟೆಯ ಲೋಳೆ ಎಳೆದ ಆ ಹಳೆಯ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಅದೇ ವಿದ್ಯೆಯಿಂದ ಬೇಕೆಂದೇ ಚಿಕ್ಕ ಮರಿ, ದೊಡ್ಡ ಮರಿ ಮಾಡಿ ಗುಡ್ಡಕ್ಕೆ ಬಿಟ್ಟು, ಯಾವುದು ಎಷ್ಟು ಉಳಿಯುತ್ತದೆ ಅಂತ ಎಣಿಸಲು ಸಾಧ್ಯವಾಗಿತ್ತು.

ನೀಲಕಂಠರ ಬಗ್ಗೆ ಇನ್ನೂ ಒಂದು ಮಾತಿದೆ. ಈ ನೀಲಿಯವು ಒಬ್ಬೊಬ್ಬರೇ ಇರುವುದಿಲ್ಲ. ಇಬ್ಬಿಬ್ಬರು ಅಕ್ಕಪಕ್ಕ ಎಲ್ಲೆ ಹಾಕಿಕೊಂಡು ಜೊತೆಯಾಗಿ ಕಾವಲು ಕಾಯುತ್ತವೆ. ಅಣ್ಣತಮ್ಮಂದಿರು ಇರಬೇಕು ಅಂದುಕೊಂಡು ನೋಡಿದರೆ ಸಂಬಂಧವೇ ಇಲ್ಲ. ಆದರೂ ಕೆಲವು ಜೀನ್‌ಗಳಲ್ಲಿ ಹೋಲಿಕೆ ಇದೆ. ಹೋಲುವವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಪಕ್ಕಕ್ಕೆ ಬಂದು ನೆಲೆಸುತ್ತಾರೆ. ಕಿತ್ತಳೆ ಕಮ್ಮಿ ಇರುವ ವರ್ಷ ಇಬ್ಬರಿಗೂ ಲಾಭ. ಕಿತ್ತಳೆ ಸುತ್ತ ತುಂಬಿದ ವರ್ಷ ಜೋಡಿಯಲ್ಲಿ ಒಬ್ಬನು ಪೆಟ್ಟನ್ನೆಲ್ಲ ತಿನ್ನುತ್ತಾನೆ, ಅವನಿಗೆ ಮಕ್ಕಳೇ ಸರಿಯಾಗಿ ಆಗುವುದಿಲ್ಲ. ಅವನ ಮರೆಯಲ್ಲಿ ಇನ್ನೊಬ್ಬ ಉಳಿಯುತ್ತಾನೆ. ಒಂದೇ ಜೋಡಿ, ಒಂದು ವರ್ಷ ಪಾಲುದಾರಿಕೆ, ಇನ್ನೊಂದು ವರ್ಷ ತ್ಯಾಗ. ಎಷ್ಟು ವರ್ಷದ ಪುಸ್ತಕ ಇದ್ದರೆ ಇದು ಕಾಣುತ್ತದೆ ಅಂತ ಯೋಚನೆ ಮಾಡಿ. ಇದು 2003 ಮತ್ತು 2006ರ ಬರಹಗಳಲ್ಲಿ ಬಂತು. ಮೊದಲನೆಯದರಲ್ಲಿ ಫ್ರಾನ್ಸಿನ ಜ಼ಾನ್ ಕ್ಲೋಬೇರ್ ಜೊತೆಗಿದ್ದರು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಕತೆ ಹೇಳಿದಾಗೆಲ್ಲ ಯಾರಾದರೂ ಒಬ್ಬರು ನಮ್ಮ ಆಫೀಸಿನಲ್ಲೂ ಈ ಮೂರು ಥರದ ಗಂಡಸರಿದ್ದಾರೆ ಅನ್ನುತ್ತಾರೆ. ಪಾಳೇಗಾರ, ಸಂಸಾರಸ್ಥ ಅಂತ ನಾನೇ ಹೆಸರಿಟ್ಟು ದಾರಿ ತಪ್ಪಿಸಿದ್ದೇನೆ, ಒಪ್ಪುತ್ತೇನೆ. ನೆನಪಿಗೆ ಸುಲಭ ಅಂತ ಇಟ್ಟ ಹೆಸರು, ಅಷ್ಟೇ. ಅಸಲಿಗೆ ಓತಿಗಳಲ್ಲೇ ಅದು ಅಷ್ಟು ನೇರವಾಗಿಲ್ಲ. ಎರಡು ಬಣ್ಣ ಕಲೆತ ಕೊರಳೂ ಇದೆ, ಋತುವಿನ ನಡುವೆ ಹಳದಿಯಿಂದ ನೀಲಿಗೆ ತಿರುಗುವವೂ ಇವೆ. ಎಲ್ಲ ಊರಿನ ಓತಿಗಳಲ್ಲೂ ಮೂರೂ ಬಣ್ಣ ಇಲ್ಲ. ಕೆಲವು ಕಡೆ ಹಳದಿ ಪೂರ್ತಿ ಕಳೆದುಹೋಗಿದೆ. ಆಟದ ತರ್ಕ ಮಾತ್ರ ಓತಿಗಳ ಸ್ವತ್ತಲ್ಲ. 2002ರಲ್ಲಿ ಬೆಂಜಮಿನ್ ಕೆರ್ ಮತ್ತು ಜೊತೆಯವರು ಮೂರು ಥರದ ಬ್ಯಾಕ್ಟೀರಿಯಾಗಳಲ್ಲಿ ಇದೇ ಆಟ ತೋರಿಸಿದರು. ತಟ್ಟೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಬೆಳೆಯಲು ಬಿಟ್ಟರೆ ಮೂರೂ ಉಳಿದವು. ಬಾಟಲಿಯಲ್ಲಿ ಹಾಕಿ ಕಲಕಿದರೆ ಒಂದೇ ಉಳಿಯಿತು. ಪಕ್ಕದ ಮನೆ ಯಾರದು ಅನ್ನುವುದು ಅಷ್ಟು ದೊಡ್ಡ ವಿಷಯ.

ಈಗ ಕೊನೆಯ ಭಾಗ. ಇಲ್ಲಿಯವರೆಗೆ ನಗುತ್ತಾ ಬಂದೆವು.

ಓತಿಯ ಮೈಯಲ್ಲಿ ನಮ್ಮ ಹಾಗೆ ಒಳಗಿನ ಒಲೆ ಇಲ್ಲ. ಬಿಸಿಲಿನಿಂದಲೇ ಮೈ ಬಿಸಿ ಮಾಡಿಕೊಳ್ಳಬೇಕು. ಹಾಗಾದರೆ ಭೂಮಿ ಬಿಸಿಯಾದರೆ ಓತಿಗೆ ಹಬ್ಬವೇ ಅಲ್ವಾ? ಹಾಗೇ ಅನ್ನಿಸುತ್ತದೆ. ಆದರೆ ಮೈ ಒಂದು ಮಟ್ಟಕ್ಕಿಂತ ಬಿಸಿಯಾದರೆ ಓತಿ ಸಾಯುತ್ತದೆ. ಅದಕ್ಕೇ ಬಿಸಿಲು ಏರಿದಾಗ ನೆರಳಿಗೆ, ಬಿಲಕ್ಕೆ ಹೋಗಿಬಿಡುತ್ತದೆ. ಅಲ್ಲಿ ಕ್ಷೇಮ. ಆದರೆ ಬಿಲದಲ್ಲಿ ಹುಳ ಸಿಗುವುದಿಲ್ಲ. ದಿನಕ್ಕೆ ಒಂದು ಗಂಟೆ ಅಡಗಿದ್ದರೆ ಪರವಾಗಿಲ್ಲ. ಅದು ನಾಲ್ಕು ಗಂಟೆಯ ಹತ್ತಿರ ಬಂದರೆ? ಅದೂ ಹೆಣ್ಣು ಮೊಟ್ಟೆಗೆ ಸಾರ ತುಂಬಬೇಕಾದ ವಸಂತದಲ್ಲಿ? ಬಿಸಿಲಿಗೆ ಬೆಂದು ಸತ್ತ ಓತಿ ಎಲ್ಲೂ ಸಿಗುವುದಿಲ್ಲ. ತಾಯಿಗೆ ಹೊಟ್ಟೆ ತುಂಬಲಿಲ್ಲ, ಮರಿಗಳಾಗಲಿಲ್ಲ. ಕೆಲವು ವರ್ಷ ಕಳೆದರೆ ಬಂಡೆ ಖಾಲಿ.

ಈ ಕೆಲಸಕ್ಕೆ ಸಿನರ್ವೊ ಮತ್ತು ಹಲವು ದೇಶಗಳ ಜೊತೆಗಾರರು ಹೋದದ್ದು ಮೆಕ್ಸಿಕೋಗೆ. ಅಲ್ಲಿ ಬೇಲಿ ಓತಿಯ ಬಳಗದ 48 ಜಾತಿಗಳನ್ನು 200 ಜಾಗಗಳಲ್ಲಿ ಹಿಂದೆ ಯಾರೋ ಹಿಡಿದು, ನೋಡಿ, ಬರೆದಿಟ್ಟಿದ್ದರು. ಬರೆದವರಿಗೆ ಆಗ ಹವಾಮಾನದ ಚಿಂತೆ ಇರಲಿಲ್ಲ. ಎಲ್ಲಿ ಯಾವ ಓತಿ ಇದೆ ಅಂತ ಬರೆದಿದ್ದರು, ಅಷ್ಟೇ. ಇವರು ಆ ಪಟ್ಟಿ ಹಿಡಿದು ಮತ್ತೆ ಅದೇ ಜಾಗಗಳಿಗೆ ಹೋದರು. 1975ರಿಂದ ಈಚೆಗೆ ಶೇಕಡಾ 12ರಷ್ಟು ಜಾಗಗಳಲ್ಲಿ ಓತಿ ಇಲ್ಲವಾಗಿತ್ತು. ಹಲವೆಡೆ ಕಾಡು ಕಡಿದಿರಲಿಲ್ಲ, ಮನೆ ಕಟ್ಟಿರಲಿಲ್ಲ. ಬಂಡೆ ಇತ್ತು, ಮರ ಇತ್ತು. ಮೊಟ್ಟೆ ಇಡುವ ಜಾತಿಗಳಿಗಿಂತ ಮರಿ ಹಾಕುವ ಜಾತಿಗಳಿಗೆ ಪೆಟ್ಟು ಜಾಸ್ತಿ ಬಿದ್ದಿತ್ತು. ಅವು ತಂಪು ಜಾಗಕ್ಕೆ ಹೊಂದಿಕೊಂಡವು, ಮೈ ಬಿಸಿ ಕಮ್ಮಿ ಬೇಡುವವು.

2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಇದೇ ಲೆಕ್ಕವನ್ನು ಪ್ರಪಂಚಕ್ಕೆಲ್ಲ ಹಿಗ್ಗಿಸಿ, ತಾಪ ಹೀಗೇ ಏರಿದರೆ 2080ರ ಹೊತ್ತಿಗೆ ಓತಿ-ಹಲ್ಲಿಗಳ ಸ್ಥಳೀಯ ನೆಲೆಗಳಲ್ಲಿ ಶೇಕಡಾ 39 ಅಳಿಯಬಹುದು, ಜಾತಿಗಳಲ್ಲಿ ಶೇಕಡಾ 20 ಅಳಿಯಬಹುದು ಅಂತ ಬರೆದರು. ಜೋರು ಚರ್ಚೆಯಾಯಿತು. ಇಷ್ಟು ಸರಳ ಲೆಕ್ಕ ಎಲ್ಲ ಕಡೆಗೂ ಹೊಂದುತ್ತದೆಯೇ, ಓತಿಗಳು ನೆರಳು ಹುಡುಕಿಕೊಂಡು ಬದುಕಲಾರವೇ ಅಂತ ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ. ಪ್ರಪಂಚದ ಅಂಕಿಯನ್ನು ನಾನೂ ಸ್ವಲ್ಪ ದೂರ ಇಟ್ಟೇ ನೋಡುತ್ತೇನೆ. ಆದರೆ ಮೆಕ್ಸಿಕೋದ ಖಾಲಿ ಬಂಡೆಗಳು ಅಂದಾಜಲ್ಲ. ಅಲ್ಲಿಗೆ ಜನ ನಡೆದು ಹೋಗಿ ನೋಡಿ ಬಂದಿದ್ದಾರೆ.

ಆ ಲೆಕ್ಕವನ್ನು ಪರೀಕ್ಷೆ ಮಾಡಿದ ಬಗೆ ಹೇಳಿ ಮುಗಿಸುತ್ತೇನೆ. ಮೆಕ್ಸಿಕೋದ ಯುಕಟಾನ್ ಕಡೆ ಒಂದು ಜಾತಿಯ ಓತಿ ಕೆಲವು ಜಾಗಗಳಲ್ಲಿ ಹೋಗಿತ್ತು, ಕೆಲವು ಜಾಗಗಳಲ್ಲಿ ಇನ್ನೂ ಇತ್ತು. ಓತಿಯ ಗಾತ್ರದ ಕೊಳವೆ ತುಂಡುಗಳಿಗೆ ಓತಿಯ ಬಣ್ಣ ಬಳಿದು, ಒಳಗೆ ತಾಪ ಬರೆದಿಡುವ ಪುಟ್ಟ ಯಂತ್ರ ಇಟ್ಟು, ಎರಡೂ ಥರದ ಜಾಗಗಳಲ್ಲಿ ಬಿಸಿಲಿಗೆ ಇಟ್ಟರು. ನಾಲ್ಕು ತಿಂಗಳು. ನಿಜವಾದ ಓತಿ ಬಿಸಿಲು ತಡೆಯದೆ ಎದ್ದು ಹೋಗುತ್ತದೆ. ಕೊಳವೆ ಹೋಗುವುದಿಲ್ಲ, ಕೂತೇ ಇರುತ್ತದೆ. ಎಷ್ಟು ಹೊತ್ತಿಗೆ ಬಿಸಿಲು ಮಿತಿ ಮೀರಿತು, ಎಷ್ಟು ಹೊತ್ತಿಗೆ ಇಳಿಯಿತು, ಎಲ್ಲ ಬರೆದುಕೊಳ್ಳುತ್ತದೆ. ಓತಿ ಉಳಿದಿದ್ದ ಜಾಗದ ಕೊಳವೆಗಳು ಹೇಳಿದ್ದು, ಅಡಗಬೇಕಾದ ಗಂಟೆ ಇಲ್ಲಿ ಕಮ್ಮಿ ಅಂತ. ಓತಿ ಹೋಗಿದ್ದ ಜಾಗದಲ್ಲಿ ಆ ಗಂಟೆಗಳು ಮಿತಿ ಮೀರಿದ್ದವು. ಅಲ್ಲಿನ ಬಂಡೆಗಳ ಮೇಲೆ ನಾಲ್ಕು ತಿಂಗಳು ಬಿಸಿಲು ಕಾಯಿಸುತ್ತಾ ಕೂತಿದ್ದದ್ದು ಆ ಕೊಳವೆಗಳು ಮಾತ್ರ.